ಬೊಂಬೆ ಬಂತು, ಡಿಬ್ರೀಫಿಂಗ್ ಯಾವುದು? ಸ್ಕಿಲ್ ಲ್ಯಾಬ್ ಅಧ್ಯಾಪಕರಿಗೆ ಹೋಲಿಕೆಯ ಮಾರ್ಗದರ್ಶಿ

ನರ್ಸಿಂಗ್ ಅಥವಾ ಮೆಡಿಕಲ್ ಕಾಲೇಜಿನಲ್ಲಿ ಬೊಂಬೆಯನ್ನೇ ರೋಗಿಯಾಗಿಸಿ ಕಲಿಸುವ ಸಿಮ್ಯುಲೇಷನ್ ಲ್ಯಾಬ್ ಮಾಡೋಣ ಎಂದಾಗ ಮೊದಲ ಮೀಟಿಂಗ್ ಪೂರ್ತಿ ಬೊಂಬೆಯ ಮೇಲೆಯೇ ಹೋಗುತ್ತದೆ. ಯಾವ ಕಂಪನಿಯದು ತರುವುದು, ಉಸಿರಾಡುತ್ತದಾ, ನಾಡಿ ಸಿಗುತ್ತದಾ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ. ಸನ್ನಿವೇಶ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಏನು ಮಾತಾಡಬೇಕು, ಹೇಗೆ ಮಾತಾಡಬೇಕು ಎಂಬುದು ಅಜೆಂಡಾದಲ್ಲೇ ಇರುವುದಿಲ್ಲ. ‘ಅದೇನು, ತಪ್ಪು ಹೇಳಿ ಕಳಿಸಿದರಾಯಿತು’ ಎಂದು ಬಿಟ್ಟುಬಿಡುತ್ತೇವೆ.

ಆದರೆ ಕಲಿಕೆಯ ಬಹುಪಾಲು ನಡೆಯುವುದು ಡಿಬ್ರೀಫಿಂಗ್ ಎನ್ನುವ ಆ ಮಾತುಕತೆಯಲ್ಲೇ. ಕೆನಡಾದ ಟೊರೊಂಟೊದಲ್ಲಿ ಅನಸ್ತೇಷಿಯಾ ಕಲಿಯುತ್ತಿದ್ದ ರೆಸಿಡೆಂಟ್ ಡಾಕ್ಟರ್‌ಗಳ ಮೇಲೆ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಡಿಬ್ರೀಫಿಂಗ್ ಇಲ್ಲದೆ ಸನ್ನಿವೇಶವನ್ನು ಎರಡನೇ ಸಲ ಮಾಡಿದವರಲ್ಲಿ ತಂಡ ನಡೆಸುವ, ಪರಿಸ್ಥಿತಿ ಅಳೆಯುವ ಕೌಶಲ ಸುಧಾರಿಸಲಿಲ್ಲ. ಕೂತು ಮಾತಾಡಿದವರಲ್ಲಿ ಸುಧಾರಿಸಿತು. ವಿಡಿಯೋ ತೋರಿಸಿ ಮಾತಾಡಿದ ಗುಂಪು ಬರೀ ಮಾತಾಡಿದ ಗುಂಪಿಗಿಂತ ಮುಂದೇನೂ ಹೋಗಲಿಲ್ಲ. ಹಾಗಾಗಿ ನಾಲ್ಕು ಮೂಲೆಗೆ ಕ್ಯಾಮೆರಾ ಹಾಕಿಸುವ ಕೊಟೇಷನ್ ಮೇಜಿನ ಮೇಲಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ.

ಡಿಬ್ರೀಫಿಂಗ್‌ಗೆ ಹೆಸರಿಟ್ಟ ವಿಧಾನಗಳು ಬೇಕಾದಷ್ಟಿವೆ. ಯಾವುದನ್ನು ಹಿಡಿಯುವುದು ಎಂದು ತಲೆಕೆಡಿಸಿಕೊಂಡಿರುವ ನರ್ಸಿಂಗ್ ಮತ್ತು ಮೆಡಿಕಲ್ ಕಾಲೇಜಿನ ಅಧ್ಯಾಪಕರಿಗಾಗಿ ಈ ಹೋಲಿಕೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿಧಾನದ ಆಯ್ಕೆಗೆ ಒಂದು ಸಂಜೆ ಸಾಕು. ನೀವು ನಡೆಸುವ ಡಿಬ್ರೀಫಿಂಗ್ ಅನ್ನು ಯಾರು ಕೂತು ನೋಡುತ್ತಾರೆ, ನೋಡಿ ನಿಮಗೇನು ಹೇಳುತ್ತಾರೆ ಎಂಬ ಆಯ್ಕೆ ಅದಕ್ಕಿಂತ ದೊಡ್ಡದು. ಅದಕ್ಕೇ ಈ ಲೇಖನದ ಅರ್ಧ ವಿದ್ಯಾರ್ಥಿಗಳ ಬಗ್ಗೆ, ಇನ್ನರ್ಧ ನಮ್ಮ ಬಗ್ಗೆ.

ಒಂದೇ ಸನ್ನಿವೇಶ, ಬೇರೆ ಬೇರೆ ಮಾತುಕತೆ

ಹೋಲಿಸಲು ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದ ಐದು ವಿದ್ಯಾರ್ಥಿಗಳು. ಹೆರಿಗೆಯಾಗಿ ಅರ್ಧ ಗಂಟೆಯಾದ ತಾಯಿಗೆ ರಕ್ತಸ್ರಾವ ಜಾಸ್ತಿಯಾಗುತ್ತಿದೆ. ಇದಕ್ಕೆ ದುಬಾರಿ ಬೊಂಬೆ ಬೇಡ. ಸೊಂಟಕ್ಕೆ ಕಟ್ಟಿಕೊಳ್ಳುವ ಮಾಮಾನಟಾಲಿಯಂಥ ಮಾದರಿ ಸಾಕು. ಅದನ್ನು ಕಟ್ಟಿಕೊಂಡ ಸಿಸ್ಟರ್ ಒಬ್ಬರು ತಾಯಿಯಾಗಿ ಮಾತನ್ನೂ ಆಡುತ್ತಾರೆ, ನರಳುತ್ತಾರೆ ಕೂಡ.

ತಂಡ ಗರ್ಭಕೋಶವನ್ನು ನೀವುತ್ತದೆ. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಮದ್ದು ಕೊಡುತ್ತದೆ. ಆದರೆ ತುಂಬ ಹೊತ್ತು ಯಾರೂ ಸಹಾಯಕ್ಕೆ ಕರೆಯುವುದಿಲ್ಲ. ಹಾಸಿಗೆಯ ಪಕ್ಕ ನಿಂತ ವಿದ್ಯಾರ್ಥಿನಿ ಪ್ಯಾಡ್ ಮೇಲೆ ಪ್ಯಾಡ್ ನೆನೆಯುವುದನ್ನು ನೋಡುತ್ತಾಳೆ, ಬಾಯಿ ಬಿಡುವುದಿಲ್ಲ. ಸನ್ನಿವೇಶ ಮುಗಿಯಿತು. ಎಲ್ಲರೂ ಕುರ್ಚಿ ಎಳೆದುಕೊಂಡು ಕೂತರು. ಈಗ?

ಪ್ಲಸ್-ಡೆಲ್ಟಾ. ಬೋರ್ಡಿನಲ್ಲಿ ಎರಡು ಸಾಲು ಎಳೆಯಿರಿ. ಯಾವುದು ಚೆನ್ನಾಗಿ ಆಯಿತು? ಮುಂದಿನ ಸಲ ಯಾವುದನ್ನು ಬದಲಾಯಿಸುತ್ತೀರಿ? ವಿದ್ಯಾರ್ಥಿಗಳೇ ಹೇಳುತ್ತಾರೆ, ನೀವು ಬರೆಯುತ್ತೀರಿ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಿನ್ನೆ ತಾನೇ ಸೇರಿದ ಟ್ಯೂಟರ್ ಕೂಡ ನಡೆಸಬಹುದು.

ಇದರ ತೊಂದರೆ ನಿಧಾನವಾಗಿ ಗೊತ್ತಾಗುತ್ತದೆ. ‘ಕಮ್ಯುನಿಕೇಷನ್ ಸರಿ ಇರಲಿಲ್ಲ ಮೇಡಂ’ ಎಂದು ಒಬ್ಬಳು ಹೇಳುತ್ತಾಳೆ, ನೀವು ಬರೆಯುತ್ತೀರಿ, ಅಲ್ಲಿಗೆ ಮುಗಿಯಿತು. ಯಾಕೆ ಸರಿ ಇರಲಿಲ್ಲ ಎಂಬುದು ಬೋರ್ಡಿಗೆ ಬರುವುದೇ ಇಲ್ಲ. ಇನ್ನೊಂದು ಮಾತು. ವಿದ್ಯಾರ್ಥಿಗಳ ಕಣ್ಣಿಗೆ ಬೀಳದ ತಪ್ಪು ಪಟ್ಟಿಯಲ್ಲೂ ಇರುವುದಿಲ್ಲ. ಸಹಾಯಕ್ಕೆ ಕರೆಯಬೇಕಿತ್ತು ಎಂಬುದು ಅವರಿಗೆ ಹೊಳೆಯದೇ ಇದ್ದರೆ ಇಡೀ ತರಗತಿ ಅದನ್ನು ದಾಟಿ ಹೋಗುತ್ತದೆ. ಈ ವಿಧಾನ ಜನಪ್ರಿಯವಾದದ್ದು ಸುಲಭ ಎಂಬ ಕಾರಣಕ್ಕೆ. ಬಿಡಿ ಅನ್ನುತ್ತಿಲ್ಲ, ಅಲ್ಲೇ ನಿಲ್ಲಬೇಡಿ ಅಷ್ಟೇ.

ಗ್ಯಾಸ್ (ಗ್ಯಾದರ್, ಅನಲೈಜ್, ಸಮ್ಮರೈಜ್). ಮೊದಲು ಮಾಹಿತಿ ಕೂಡಿಸು, ಆಮೇಲೆ ವಿಶ್ಲೇಷಿಸು, ಕೊನೆಗೆ ಸಾರ ಹೇಳು. ಮೂರೇ ಹೆಜ್ಜೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಸಿಮ್ಯುಲೇಷನ್ ಕೇಂದ್ರ ಮತ್ತು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೇರಿ ರೂಪಿಸಿದ್ದು. ಎಸಿಎಲ್‌ಎಸ್, ಪಿಎಎಲ್‌ಎಸ್ ಎಂಬ ತುರ್ತು ಜೀವರಕ್ಷಣೆಯ ಕೋರ್ಸ್ ಕಲಿಸುವವರಿಗೆ ಇದು ಪರಿಚಿತ. ನಿಮ್ಮ ಎಮರ್ಜೆನ್ಸಿ ಅಥವಾ ಅನಸ್ತೇಷಿಯಾ ವಿಭಾಗದಲ್ಲಿ ಇದನ್ನು ಬಲ್ಲವರು ಒಬ್ಬರಾದರೂ ಸಿಗುವ ಸಾಧ್ಯತೆ ಜಾಸ್ತಿ. ಹೊರಗಿನವರನ್ನು ಕರೆಸುವ ಮುನ್ನ ಅವರನ್ನು ಕೇಳಿ.

ನಮ್ಮ ಸನ್ನಿವೇಶದಲ್ಲಿ ಮೊದಲ ಹೆಜ್ಜೆ ಹೀಗಿರುತ್ತದೆ: ‘ತಂಡದ ಲೀಡರ್ ಆಗಿದ್ದವರು ಹೇಳಿ, ಮೊದಲಿನಿಂದ ಏನೇನಾಯಿತು? ಬೇರೆಯವರಿಗೆ ಬೇರೆ ಥರ ಕಂಡಿತಾ?’ ಈ ಕೊನೆಯ ಪ್ರಶ್ನೆಯೇ ಪ್ಯಾಡ್ ನೋಡಿದ ಹುಡುಗಿಗೆ ಬಾಗಿಲು ತೆರೆಯುತ್ತದೆ. ಲೀಡರ್ ಕಂಡ ಕಥೆ ಮತ್ತು ಅವಳು ಕಂಡ ಕಥೆ ಬೇರೆ ಎಂಬುದು ಎಲ್ಲರ ಎದುರು ಗೊತ್ತಾಗುತ್ತದೆ. ಆದರೆ ನಡುವಿನ ಹೆಜ್ಜೆ, ಅಂದರೆ ವಿಶ್ಲೇಷಣೆ, ಹೇಗೆ ಮಾಡಬೇಕು ಎಂಬುದನ್ನು ಗ್ಯಾಸ್ ಬಹಳ ಬಿಡಿಸಿ ಹೇಳುವುದಿಲ್ಲ. ಅಲ್ಲಿ ಅಧ್ಯಾಪಕರು ಸಲೀಸಾಗಿ ಲೆಕ್ಚರ್‌ಗೆ ಜಾರುತ್ತಾರೆ.

ಪರ್ಲ್ಸ್. ವಾಲ್ಟರ್ ಎಪಿಕ್ ಮತ್ತು ಆಡಂ ಚೆಂಗ್ 2015ರಲ್ಲಿ ಮುಂದಿಟ್ಟದ್ದು. ನಾಲ್ಕು ಹಂತ: ಮನಸ್ಸಿಗೆ ಏನನ್ನಿಸಿತು, ಏನು ನಡೆಯಿತು, ವಿಶ್ಲೇಷಣೆ, ಸಾರಾಂಶ. ಇದರ ಹೆಚ್ಚುಗಾರಿಕೆ ಇರುವುದು ಮೂರನೇ ಹಂತದಲ್ಲಿ. ಅಲ್ಲಿ ಒಂದೇ ದಾರಿ ಅಂತಿಲ್ಲ. ಸಮಯ ಕಡಿಮೆ ಇದ್ದರೆ ಪ್ಲಸ್-ಡೆಲ್ಟಾ ಮಾಡಿ. ಯೋಚನೆಯ ಬೇರು ಹಿಡಿಯಬೇಕಾದರೆ ಆಳವಾದ ಪ್ರಶ್ನೆಗೆ ಹೋಗಿ. ಬರೀ ಮಾಹಿತಿಯ ಕೊರತೆ ಎಂದು ಗೊತ್ತಾದರೆ ನೇರವಾಗಿ ಹೇಳಿಕೊಡಿ. ಆಕ್ಸಿಟೋಸಿನ್ ಡೋಸ್ ಗೊತ್ತಿಲ್ಲದವಳಿಗೆ ‘ನಿನ್ನ ಯೋಚನೆ ಏನಿತ್ತು?’ ಎಂದು ಐದು ನಿಮಿಷ ಕೇಳುವುದು ಸುಮ್ನೆ ಸಮಯ ಹಾಳು. 10 ಯೂನಿಟ್ ಅಂತ ಹೇಳಿ ಮುಂದೆ ಹೋಗಿ. ಸಹಾಯಕ್ಕೆ ಯಾಕೆ ಕೂಗಲಿಲ್ಲ ಎಂಬುದು ಮಾತ್ರ ಹಾಗಲ್ಲ. ಅದಕ್ಕೆ ಸಮಯ ಕೊಡಲೇಬೇಕು.

ಪರ್ಲ್ಸ್ ಜೊತೆಗೆ ಓದಿಕೊಂಡು ನಡೆಸಬಹುದಾದ ಸ್ಕ್ರಿಪ್ಟ್ ಬರುತ್ತದೆ. ಕಾಗದ ನೋಡಿಕೊಂಡು ಡಿಬ್ರೀಫಿಂಗ್ ಮಾಡಿದರೆ ವಿದ್ಯಾರ್ಥಿಗಳ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಹಲವರು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. ಮಕ್ಕಳ ಜೀವರಕ್ಷಣೆ ತರಬೇತಿಯಲ್ಲಿ ಹೊಸ ಬೋಧಕರ ಕೈಗೆ ಸ್ಕ್ರಿಪ್ಟ್ ಕೊಟ್ಟು ನೋಡಿದ ಅಧ್ಯಯನವೊಂದು 2013ರಲ್ಲಿ ಬಂತು. ಸ್ಕ್ರಿಪ್ಟ್ ಇದ್ದ ಬೋಧಕರ ವಿದ್ಯಾರ್ಥಿಗಳ ತಿಳಿವಳಿಕೆಯೂ ತಂಡದ ಲೀಡರ್‌ಗಳ ನಡವಳಿಕೆಯೂ ಹೆಚ್ಚು ಸುಧಾರಿಸಿತ್ತು. ಹೊಸಬರಿಗೆ ನನ್ನ ಮೊದಲ ಸಲಹೆ ಇದೇ. ಸ್ಕ್ರಿಪ್ಟನ್ನು ಕನ್ನಡಕ್ಕೆ ಇಳಿಸಿಕೊಳ್ಳಿ, ನಿಮ್ಮ ಬಾಯಿಗೆ ಒಗ್ಗುವ ಹಾಗೆ ತಿದ್ದಿಕೊಳ್ಳಿ, ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿ.

ಬಾಸ್ಟನ್ನಿನ ದಾರಿ. ಬಾಸ್ಟನ್‌ನ ಸೆಂಟರ್ ಫಾರ್ ಮೆಡಿಕಲ್ ಸಿಮ್ಯುಲೇಷನ್‌ನ ಜೆನ್ನಿ ರುಡಾಲ್ಫ್ ಮತ್ತು ಸಂಗಡಿಗರು 2006ರಲ್ಲಿ ಒಂದು ವಾದ ಮುಂದಿಟ್ಟರು. ನಾನು ಯಾವ ತೀರ್ಪೂ ಕೊಡುತ್ತಿಲ್ಲ ಎಂದು ಬೋಧಕ ನಟಿಸಿದರೂ ವಿದ್ಯಾರ್ಥಿಗಳಿಗೆ ಅದು ಮುಖದಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ನೀವು ಕಂಡದ್ದನ್ನು ಹೇಳಿ, ಅದರ ಬಗ್ಗೆ ನಿಮಗೆ ಅನಿಸಿದ್ದನ್ನೂ ಹೇಳಿ, ಆಮೇಲೆ ಅವರ ತಲೆಯಲ್ಲಿ ಏನಿತ್ತು ಎಂದು ನಿಜವಾದ ಕುತೂಹಲದಿಂದ ಕೇಳಿ. ಪ್ರತಿ ಕೆಲಸದ ಹಿಂದೆ ಮಾಡಿದವರಿಗೆ ಸರಿ ಅನಿಸಿದ ಒಂದು ಯೋಚನೆ ಇರುತ್ತದೆ. ಆ ಯೋಚನೆ ಬದಲಾದರೆ ಕೆಲಸವೂ ಬದಲಾಗುತ್ತದೆ. ಅವರ ಲೆಕ್ಕ ಇದು.

ನಮ್ಮಲ್ಲಿ ಎಲ್ಲಕ್ಕಿಂತ ಕಷ್ಟವಾದ ವಿಧಾನ ಇದು. ಎಲ್ಲಕ್ಕಿಂತ ಬೇಕಾದದ್ದೂ ಇದೇ. ಎರಡು ಥರ ಕೇಳಿ ನೋಡಿ.

‘ಸಹಾಯಕ್ಕೆ ಯಾಕೆ ಕರೀಲಿಲ್ಲ?’

‘ನೀವು ಆಕ್ಸಿಟೋಸಿನ್ ಬೇಗ ಕೊಟ್ಟಿದ್ದು ನೋಡಿದೆ. ಆದರೆ ರಕ್ತ ನಿಲ್ಲದೇ ಇದ್ದಾಗಲೂ ಡಾಕ್ಟರನ್ನು ಕರೆದದ್ದು ಕಾಣಲಿಲ್ಲ. ಐದು ಜನರಿಂದ ಇದು ಆಗಲ್ಲ ಅಂತ ನನಗೆ ಒಳಗೊಳಗೇ ಆತಂಕ ಆಯಿತು. ಆ ಹೊತ್ತಲ್ಲಿ ನಿಮಗೆ ಏನನ್ನಿಸ್ತಾ ಇತ್ತು?’

ಮೊದಲನೆಯದು ಎಷ್ಟೇ ಮೆದುವಾಗಿ ಕೇಳಿದರೂ ಬೈದ ಹಾಗೇ ಕೇಳಿಸುತ್ತದೆ. ಉತ್ತರ ‘ಸಾರಿ ಮೇಡಂ’. ಎರಡನೆಯದಕ್ಕೆ ಬರುವ ಉತ್ತರ ಬೇರೆ. ‘ವಾರ್ಡಲ್ಲಿ ಸುಮ್ನೆ ಕರೆದರೆ ಪಿಜಿ ಡಾಕ್ಟರ್ ಬೈತಾರೆ ಮೇಡಂ. ಇನ್ನೊಂದು ಸಲ ನೋಡಿ ಕರೆಯೋಣ ಅಂತ ಇದ್ವಿ.’ ಅಲ್ಲಿ ಇರುವುದು ಜ್ಞಾನದ ಕೊರತೆ ಅಲ್ಲ, ಬೈಗುಳದ ಹೆದರಿಕೆ ಅಲ್ವಾ? ರಕ್ತಸ್ರಾವದ ಲೆಕ್ಚರನ್ನು ನೂರು ಸಲ ಕೊಟ್ಟರೂ ಅದು ಹೋಗುವುದಿಲ್ಲ. ಬೈಯುವವರ ಎದುರು ಯಾವ ಮಾತಲ್ಲಿ ಕರೆಯಬೇಕು, ಕರೆದಾಗ ಮೊದಲ ವಾಕ್ಯ ಏನಿರಬೇಕು ಎಂಬುದನ್ನು ಅಭ್ಯಾಸ ಮಾಡಿಸಬೇಕು.

ಇಲ್ಲಿ ಒಂದು ಎಚ್ಚರ. ಕೇಳುವ ಸ್ವರದಲ್ಲಿ ನಿಜವಾದ ಕುತೂಹಲ ಇಲ್ಲದಿದ್ದರೆ ಇದೇ ವಿಧಾನ ಪೊಲೀಸ್ ವಿಚಾರಣೆ ಆಗುತ್ತದೆ. ಮೂರು ಭಾಗದ ವಾಕ್ಯವನ್ನು ಬಾಯಿಪಾಠ ಮಾಡಿ ಒಪ್ಪಿಸುವವರನ್ನು ವಿದ್ಯಾರ್ಥಿಗಳು ಎರಡೇ ದಿನದಲ್ಲಿ ಅಣಕಿಸಲು ಶುರು ಮಾಡುತ್ತಾರೆ.

ಡಿಎಂಎಲ್ (ಡಿಬ್ರೀಫಿಂಗ್ ಫಾರ್ ಮೀನಿಂಗ್‌ಫುಲ್ ಲರ್ನಿಂಗ್). ನರ್ಸಿಂಗ್‌ನವರೇ ನರ್ಸಿಂಗ್‌ಗಾಗಿ ಮಾಡಿಕೊಂಡದ್ದು. ಕ್ರಿಸ್ಟಿನಾ ಡ್ರೈಫರ್ಸ್ಟ್ ರೂಪಿಸಿದರು. ವಿದ್ಯಾರ್ಥಿ ಮೊದಲು ಹಾಳೆಯಲ್ಲಿ ಬರೆಯುತ್ತಾಳೆ, ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಗೆ ‘ಇದೇ ತಾಯಿಗೆ ರಕ್ತಹೀನತೆಯೂ ಇದ್ದಿದ್ದರೆ?’ ಎಂದು ಕಲಿತದ್ದನ್ನು ಬೇರೆ ಪರಿಸ್ಥಿತಿಗೆ ದಾಟಿಸುವ ಹಂತ. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಈ ವಿಧಾನದಲ್ಲಿ ಕಲಿತವರು ಕ್ಲಿನಿಕಲ್ ತರ್ಕದ ಪರೀಕ್ಷೆಯಲ್ಲಿ ಮುಂದಿದ್ದರು. ತೊಂದರೆ ಒಂದೇ, ಸಮಯ. ಟೈಮ್‌ಟೇಬಲ್‌ನಲ್ಲಿ ಒಂದೇ ಪೀರಿಯಡ್ ಸಿಗುವ ಕಡೆ ಇದು ಅರ್ಧದಲ್ಲೇ ನಿಲ್ಲುತ್ತದೆ. ಒಂದು ಮಧ್ಯಾಹ್ನ ಪೂರ್ತಿ ನಿಮ್ಮ ಕೈಲಿದ್ದರೆ ಮಾತ್ರ ಹಿಡಿಯಿರಿ.

ಟೀಮ್‌ಗೇನ್ಸ್. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನದು, 2013ರಲ್ಲಿ ಪ್ರಕಟವಾಯಿತು. ಪೂರ್ತಿ ಎತ್ತಿಕೊಳ್ಳುವುದು ಕಷ್ಟ, ಆದರೆ ಒಂದು ಉಪಾಯವನ್ನು ಕದಿಯಬಹುದು. ಇಬ್ಬರ ನಡುವೆ ನಡೆದದ್ದನ್ನು ಮೂರನೆಯವರಿಗೆ ಕೇಳುವುದು. ‘ಲೀಡರ್ ಸೂಚನೆ ಕೊಟ್ಟಾಗ ಪ್ಯಾಡ್ ಹತ್ತಿರ ನಿಂತಿದ್ದವರು ಏನು ಮಾಡಿದರು, ನಿಮಗೆ ಹೇಗೆ ಕಂಡಿತು?’ ನೇರವಾಗಿ ಕೇಳಿದರೆ ಬಾಯಿ ಬಿಡದ ಹುಡುಗಿ, ಇನ್ನೊಬ್ಬರು ತನ್ನ ಬಗ್ಗೆ ಹೇಳಿದ್ದನ್ನು ಕೇಳಿ ತಿದ್ದಲಿಕ್ಕಾದರೂ ಮಾತಾಡುತ್ತಾಳೆ.

ಸಿಪಿಆರ್ ಕಲಿಸುವಾಗ ಇದ್ಯಾವುದೂ ಬೇಡ

ಮೇಲಿನ ಎಲ್ಲ ವಿಧಾನಗಳಲ್ಲೂ ಸನ್ನಿವೇಶ ಮುಗಿದ ಮೇಲೆ ಮಾತು. ಕೈಗೆ ಕೂರಬೇಕಾದ ಕೆಲಸಕ್ಕೆ ಅದು ತಡ. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಹುಡುಗ ಮೂರು ಸೆಂಟಿಮೀಟರ್ ಒತ್ತುತ್ತಿದ್ದಾನೆ. ಅವನನ್ನು ಹಾಗೇ ಹತ್ತು ನಿಮಿಷ ಬಿಟ್ಟು, ಆಮೇಲೆ ಕೂರಿಸಿ ‘ನಿಮಗೆ ಹೇಗನ್ನಿಸಿತು?’ ಎಂದು ಕೇಳಿದರೆ ಏನು ಬಂತು? ತಪ್ಪನ್ನೇ ಹತ್ತು ನಿಮಿಷ ಅಭ್ಯಾಸ ಮಾಡಿಸಿದ ಹಾಗಾಯಿತು.

ಜಾನ್ಸ್ ಹಾಪ್ಕಿನ್ಸ್‌ನ ಎಲಿಜಬೆತ್ ಹಂಟ್ ಮತ್ತು ತಂಡ 2014ರಲ್ಲಿ ಪ್ರಕಟಿಸಿದ ದಾರಿಯನ್ನು ಆರ್‌ಸಿಡಿಪಿ ಎನ್ನುತ್ತಾರೆ. ತಪ್ಪಾದ ಕ್ಷಣಕ್ಕೇ ನಿಲ್ಲಿಸು, ಹೇಳಿಕೊಡು, ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ಮಾಡಿಸು. ಸರಿಯಾಗುವವರೆಗೆ ಇದೇ. ಸಂಗೀತದ ಮೇಷ್ಟ್ರು ಅಪಸ್ವರ ಬಂದ ಕಡೆ ಕೈ ಎತ್ತಿ, ಆ ಸಾಲನ್ನೇ ಮತ್ತೆ ಹಾಡಿಸುತ್ತಾರಲ್ಲ, ಹಾಗೆ. ಮಕ್ಕಳ ವಿಭಾಗದ ರೆಸಿಡೆಂಟ್‌ಗಳಿಗೆ ಹೀಗೆ ಕಲಿಸಿದಾಗ ಮೊದಲ ಐದು ನಿಮಿಷದ ಕೆಲಸ ಚುರುಕಾಯಿತು, ಹೃದಯಕ್ಕೆ ಶಾಕ್ ಬೇಗ ಕೊಟ್ಟರು.

ವಿದ್ಯಾರ್ಥಿಗಳು ಇದನ್ನು ತಪ್ಪು ತಿಳಿಯಬಾರದು ಎಂದರೆ ಮೊದಲೇ ಹೇಳಿಡಿ. ಇವತ್ತು ಪದೇ ಪದೇ ನಿಲ್ಲಿಸುತ್ತೇನೆ, ಅದು ಬೈಯಲಿಕ್ಕಲ್ಲ ಎಂದು. ಮತ್ತು ಇದನ್ನು ಎಲ್ಲ ಕಡೆ ತೂರಿಸಬೇಡಿ. ರೋಗಿ ತೀರಿಕೊಂಡ ಸುದ್ದಿಯನ್ನು ಮನೆಯವರಿಗೆ ಹೇಳುವ ಸನ್ನಿವೇಶವನ್ನು ನಡುವೆ ಐದು ಸಲ ತಡೆದು ನೋಡಿ, ನಿಮಗೇ ಗೊತ್ತಾಗುತ್ತದೆ.

ಅಧ್ಯಾಪಕರೇ ಸಾಲದಿದ್ದರೆ

ನೂರು ಜನರ ಬ್ಯಾಚ್, ಮೂವರು ಟ್ಯೂಟರ್. ಇದು ನಮ್ಮ ಬಹಳಷ್ಟು ಕಾಲೇಜುಗಳ ಸ್ಥಿತಿ. ಇಲ್ಲೊಂದು ಸಮಾಧಾನದ ಸಂಗತಿ ಇದೆ. ಸಿಲ್ವೆನ್ ಬೋಯೆ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನಸ್ತೇಷಿಯಾ ರೆಸಿಡೆಂಟ್‌ಗಳು ತಮ್ಮ ವಿಡಿಯೋ ನೋಡಿ, ಕೈಯಲ್ಲಿ ಮೌಲ್ಯಮಾಪನದ ಹಾಳೆ ಹಿಡಿದು, ತಮಗೆ ತಾವೇ ಡಿಬ್ರೀಫಿಂಗ್ ಮಾಡಿಕೊಂಡರು. ಬೋಧಕರು ನಡೆಸಿದ ಗುಂಪಿನಷ್ಟೇ ಸುಧಾರಿಸಿದರು. 2013ರಲ್ಲಿ ತಂಡವೇ ತನ್ನೊಳಗೆ ನಡೆಸಿಕೊಳ್ಳುವ ಡಿಬ್ರೀಫಿಂಗ್ ಬಗ್ಗೆಯೂ ಹೀಗೇ ಕಂಡಿತು.

ಆದರೆ ಅವರು ಡಾಕ್ಟರ್ ಆಗಿದ್ದವರು, ಆ ಕೆಲಸದಲ್ಲೇ ಇದ್ದವರು. ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳನ್ನು ಹಾಗೆ ಬಿಟ್ಟರೆ ತಪ್ಪು ತಿಳಿವಳಿಕೆಯನ್ನೇ ಒಬ್ಬರಿಗೊಬ್ಬರು ಗಟ್ಟಿ ಮಾಡಿಕೊಳ್ಳುತ್ತಾರೆ. ಇಂಟರ್ನ್‌ಗಳಿಗೆ, ಪಿಜಿಗಳಿಗೆ, ಕೊನೆಯ ವರ್ಷದವರಿಗೆ ಪ್ರಶ್ನೆಗಳ ಹಾಳೆ ಕೊಟ್ಟು ಬಿಡಬಹುದು. ಕೊನೆಯ ಹತ್ತು ನಿಮಿಷಕ್ಕೆ ಟ್ಯೂಟರ್ ಹೋಗಿ ‘ಏನು ತೀರ್ಮಾನಕ್ಕೆ ಬಂದಿರಿ?’ ಎಂದು ಕೇಳಿದರೆ ಸಾಕು.

ಯಾವ ವಿಧಾನ ಹಿಡಿದರೂ ಎರಡು ಮಾತು

ಭಾಷೆ. ಕರ್ನಾಟಕದ ನರ್ಸಿಂಗ್ ಕಾಲೇಜಿನ ಒಂದು ತಂಡದಲ್ಲಿ ರಾಯಚೂರಿನವಳೂ ಇರುತ್ತಾಳೆ, ಕೊಟ್ಟಾಯಂನವಳೂ ಇರುತ್ತಾಳೆ. ಪಾಠ ಇಂಗ್ಲಿಷಿನಲ್ಲಿ. ಆದರೆ ‘ನನಗೆ ಭಯ ಆಯಿತು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟವಳು ‘ಐ ವಾಸ್ ನರ್ವಸ್ ಮೇಡಂ’ ಎಂದು ಹೇಳಿ ಕೂತುಬಿಡುತ್ತಾಳೆ. ಮೊದಲ ಹಂತದಲ್ಲಾದರೂ ಯಾರಿಗೆ ಯಾವ ಭಾಷೆ ಬರುತ್ತದೋ ಅದರಲ್ಲೇ ಮಾತಾಡಲಿ. ಪಕ್ಕದವಳು ಬಿಡಿಸಿ ಹೇಳುತ್ತಾಳೆ. ಪದಗಳನ್ನು ಆಮೇಲೆ ಇಂಗ್ಲಿಷಿಗೆ ತಂದರಾಯಿತು.

ಅಂಕ. ಅದೇ ಸನ್ನಿವೇಶಕ್ಕೆ ಇಂಟರ್ನಲ್ ಮಾರ್ಕ್ಸ್ ಹಾಕಿ, ಅದರ ಮೇಲೇ ಮನಬಿಚ್ಚಿ ಮಾತಾಡಿ ಎಂದರೆ ಯಾರೂ ಮಾತಾಡುವುದಿಲ್ಲ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವವನಲ್ಲ. ಪರೀಕ್ಷೆಯ ದಿನ ಬೇರೆ, ಕಲಿಕೆಯ ದಿನ ಬೇರೆ. ವಿಡಿಯೋ ವಾಟ್ಸಾಪ್ ಗ್ರೂಪಿಗೆ ಹೋಗುವುದಿಲ್ಲ ಎಂಬುದನ್ನೂ ಅಂದೇ ಬಾಯಿಬಿಟ್ಟು ಹೇಳಿ.

ಇನ್ನು ನಮ್ಮ ಸರದಿ

2019ರಿಂದ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂತು. ನಡವಳಿಕೆ, ನೀತಿ, ಸಂವಹನ ಕಲಿಸುವ ಅದರ ಆಟ್‌ಕಾಂ ಭಾಗದಲ್ಲಿ ವಿದ್ಯಾರ್ಥಿಗಳು ತಮ್ಮ ಅನುಭವದ ಬಗ್ಗೆ ಯೋಚಿಸಿ ಬರೆಯಬೇಕು. ನಾವು ಬರೆಸುತ್ತೇವೆ, ಸಹಿ ಹಾಕುತ್ತೇವೆ. ನಾವು ಬರೆಯುತ್ತೇವಾ? ಡೊನಾಲ್ಡ್ ಶಾನ್ ಎಂಬ ಅಮೆರಿಕದ ಚಿಂತಕ 1983ರಲ್ಲೇ ಹೇಳಿದ್ದ. ಪಳಗಿದ ಕೆಲಸಗಾರ ಕೆಲಸ ಮಾಡುತ್ತಲೇ ಯೋಚಿಸುತ್ತಾನೆ, ಮಾಡಿದ ಮೇಲೂ ಯೋಚಿಸುತ್ತಾನೆ ಎಂದು. ಡಿಬ್ರೀಫಿಂಗ್ ನಡೆಸುವುದೂ ಒಂದು ಕಸುಬು. ಅದರಲ್ಲಿ ಬೆಳೆಯಲು ಇರುವ ದಾರಿಗಳನ್ನು ಈಗ ಹೋಲಿಸೋಣ.

ಅತಿ ಅಗ್ಗದ್ದು ಡೈರಿ. ಅದರಲ್ಲಿ ಎರಡು ಅಚ್ಚು ಜನಪ್ರಿಯ. ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹೆಜ್ಜೆಯ ಚಕ್ರ: ನಡೆದದ್ದು, ಭಾವನೆ, ಒಳ್ಳೆಯದು-ಕೆಟ್ಟದ್ದು, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ. ಇನ್ನೊಂದು ಮೂರೇ ಪ್ರಶ್ನೆಯದು: ಏನಾಯಿತು, ಅದರಿಂದ ಏನು ತಿಳಿಯಿತು, ಮುಂದೇನು. ಮನಸ್ಸಿಗೆ ಚುಚ್ಚಿದ ಘಟನೆಗೆ ಗಿಬ್ಸ್ ಒಳ್ಳೆಯದು. ವಿದ್ಯಾರ್ಥಿ ಅತ್ತಳು, ತಂಡ ಜಗಳಕ್ಕೆ ಬಿತ್ತು, ಅಂಥವು. ದಿನದ ಕೆಲಸಕ್ಕೆ ಮೂರು ಪ್ರಶ್ನೆಯೇ ಸಾಕು. ಆರು ಹೆಜ್ಜೆಯ ಡೈರಿ ಎರಡನೇ ವಾರ ನಿಂತುಹೋಗುತ್ತದೆ, ಮೂರು ಸಾಲಿನದು ಮುಂದುವರಿಯುತ್ತದೆ. ಒಂದೇ ಷರತ್ತು. ‘ಏನು ತಿಳಿಯಿತು’ ಎಂಬಲ್ಲಿ ವಿದ್ಯಾರ್ಥಿಗಳ ತಪ್ಪನ್ನು ಬರೆಯಬಾರದು, ನಿಮ್ಮ ಪ್ರಶ್ನೆಯನ್ನು ಬರೆಯಬೇಕು. ಯಾವ ಪ್ರಶ್ನೆಗೆ ತಂಡ ಮಾತಾಡಿತು, ಯಾವುದಕ್ಕೆ ತಲೆ ತಗ್ಗಿಸಿತು.

ಆದರೆ ಡೈರಿಗೆ ಒಂದು ದೊಡ್ಡ ಮಿತಿ. ನಮ್ಮನ್ನು ನಾವು ಅಳೆದುಕೊಳ್ಳುವುದರಲ್ಲಿ ನಾವು ಅಷ್ಟಕ್ಕಷ್ಟೇ. ವೈದ್ಯರ ಸ್ವಮೌಲ್ಯಮಾಪನದ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ವಿಮರ್ಶೆಯೊಂದು 2006ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತಮ್ಮ ಬಗ್ಗೆ ತಾವು ಅಂದುಕೊಂಡದ್ದಕ್ಕೂ ಹೊರಗಿನವರು ಅಳೆದದ್ದಕ್ಕೂ ಬಹಳ ಕಡೆ ತಾಳೆಯಾಗಿರಲಿಲ್ಲ. ಅತಿ ಕಡಿಮೆ ಕೌಶಲ ಇದ್ದವರು ಮತ್ತು ಅತಿ ಜಾಸ್ತಿ ಆತ್ಮವಿಶ್ವಾಸ ಇದ್ದವರ ಅಂದಾಜು ಎಲ್ಲರಿಗಿಂತ ತಪ್ಪಾಗಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಅಂಥವರು ಯಾರು ಅಂತ ಹುಡುಕಲು ಹೋಗಬೇಡಿ, ಎಲ್ಲರಿಗೂ ಅವರು ಪಕ್ಕದ ಕುರ್ಚಿಯಲ್ಲೇ ಕಾಣುತ್ತಾರೆ.

ಹಾಗಾಗಿ ಹೊರಗಿನ ಕಣ್ಣು ಬೇಕು. ಅದಕ್ಕೆ, ಡಿಬ್ರೀಫಿಂಗ್ ಹೇಗೆ ನಡೆಯಿತು ಎಂದು ಅಂಕ ಹಾಕುವ ಎರಡು ಅಳತೆಪಟ್ಟಿ ಇವೆ. ಡ್ಯಾಶ್ ಬಾಸ್ಟನ್ನಿನದು. ಆರು ಅಂಶ, ಒಂದೊಂದಕ್ಕೆ 7ರವರೆಗೆ ಅಂಕ. ಇದರಲ್ಲಿ ಮೂರು ರೂಪ ಇದೆ: ತರಬೇತಿ ಪಡೆದ ವೀಕ್ಷಕರಿಗೆ ಒಂದು, ವಿದ್ಯಾರ್ಥಿಗಳಿಗೆ ಒಂದು, ನಡೆಸಿದವರಿಗೇ ಒಂದು. ಒಸ್ಯಾಡ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನದು. ಎಂಟು ಅಂಶ, ಒಂದೊಂದಕ್ಕೆ 1ರಿಂದ 5, ಒಟ್ಟು 40. ಯಾವ ನಡವಳಿಕೆಗೆ ಎಷ್ಟು ಅಂಕ ಎಂಬ ವಿವರಣೆ ಅದರಲ್ಲೇ ಇರುತ್ತದೆ.

ಸಹೋದ್ಯೋಗಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡುವುದಾದರೆ ನನ್ನ ಆಯ್ಕೆ ಒಸ್ಯಾಡ್. ಹೆಚ್ಚು ತರಬೇತಿ ಬೇಡ, ಒಂದು ಹಾಳೆ. ವಿದ್ಯಾರ್ಥಿಗಳಿಂದ ಕೇಳುವುದಾದರೆ ಡ್ಯಾಶ್‌ನ ವಿದ್ಯಾರ್ಥಿ ರೂಪ, ಹೆಸರಿಲ್ಲದೆ. ನೀವೇ ತುಂಬಿದ ಡ್ಯಾಶ್ ಪಕ್ಕದಲ್ಲಿ ವಿದ್ಯಾರ್ಥಿಗಳು ತುಂಬಿದ್ದನ್ನು ಇಟ್ಟು ನೋಡಿ. ಎಲ್ಲಿ ಅಂತರ ದೊಡ್ಡದೋ ಅಲ್ಲಿಂದ ಕೆಲಸ ಶುರು. ಒಟ್ಟು ಅಂಕವನ್ನು ಮಾತ್ರ ಪ್ರಿನ್ಸಿಪಾಲರ ಮೇಜಿಗೆ ಕಳಿಸಬೇಡಿ. ಅಪ್ರೈಸಲ್‌ಗೆ ಸೇರಿತು ಎಂದರೆ ಮರುದಿನದಿಂದ ಎಲ್ಲರಿಗೂ 40ಕ್ಕೆ 38.

ಪಟ್ಟಿಗಿಂತ ಬೆಲೆಯುಳ್ಳದ್ದು ಆಮೇಲಿನ ಹತ್ತು ನಿಮಿಷ. ಡಿಬ್ರೀಫಿಂಗ್ ಮಾಡಿದವರಿಗೇ ಡಿಬ್ರೀಫಿಂಗ್. ಆಡಂ ಚೆಂಗ್ ಮತ್ತು ಸಂಗಡಿಗರು 2017ರಲ್ಲಿ ಸಹೋದ್ಯೋಗಿಗಳ ನಡುವಿನ ಇಂಥ ಕೋಚಿಂಗ್ ಬಗ್ಗೆ ವಿವರವಾಗಿ ಬರೆದಿದ್ದಾರೆ. ನಮ್ಮಲ್ಲಿ ಇದಕ್ಕೆ ಅಡ್ಡ ಬರುವುದು ಸೀನಿಯಾರಿಟಿ. ಜೂನಿಯರ್ ಲೆಕ್ಚರರ್ ಹೋಗಿ ಎಚ್‌ಒಡಿಗೆ ‘ಸರ್, ನೀವೇ ಜಾಸ್ತಿ ಮಾತಾಡಿದಿರಿ’ ಎನ್ನಲು ಸಾಧ್ಯವಾ? ಆಗಲ್ಲ. ಆದರೆ ಎಣಿಸಿ ತೋರಿಸಬಹುದು. ‘ಸರ್, 20 ನಿಮಿಷದಲ್ಲಿ 13 ನಿಮಿಷ ನಿಮ್ಮ ಧ್ವನಿ ಇತ್ತು’ ಎಂಬುದು ಟೀಕೆಯಲ್ಲ, ಲೆಕ್ಕ. ಯಾರು ಎಷ್ಟು ಹೊತ್ತು ಮಾತಾಡಿದರು, ಎಷ್ಟು ಪ್ರಶ್ನೆಗೆ ಉತ್ತರ ಬರುವ ಮೊದಲೇ ನೀವೇ ಉತ್ತರ ಕೊಟ್ಟಿರಿ, ಎಷ್ಟು ಜನ ಒಂದು ಮಾತೂ ಆಡಲಿಲ್ಲ. ಮೊದಲ ಕೆಲವು ಸಲ ಈ ಮೂರನ್ನಷ್ಟೇ ಬರೆದುಕೊಂಡರೂ ಬದಲಾವಣೆ ಕಾಣುತ್ತದೆ. ಎಚ್‌ಒಡಿ ಮೊದಲು ತಮ್ಮನ್ನೇ ನೋಡಿ ಎಂದು ಒಪ್ಪಿಕೊಂಡರೆ ಉಳಿದವರ ಹೆದರಿಕೆ ಅರ್ಧ ಇಳಿಯುತ್ತದೆ.

ನೋಡಲು ಯಾರೂ ಇಲ್ಲದ ಕಡೆ ಮೊಬೈಲ್ ಸ್ಟ್ಯಾಂಡ್ ಇಟ್ಟು ರೆಕಾರ್ಡ್ ಮಾಡಿ. ಮೊದಲೇ ಪಕ್ಕಕ್ಕಿಟ್ಟ ಕ್ಯಾಮೆರಾ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ, ಅದೂ ವಿದ್ಯಾರ್ಥಿಗಳ ಒಪ್ಪಿಗೆ ತೆಗೆದುಕೊಂಡು.

ಸರ್ಟಿಫಿಕೇಟ್ ಯಾವುದು?

ಇದನ್ನು ಕೇಳದೆ ಯಾರೂ ಬಿಡುವುದಿಲ್ಲ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ.

ಸಿಎಚ್‌ಎಸ್‌ಇ ಎಂಬುದು ಸೊಸೈಟಿ ಫಾರ್ ಸಿಮ್ಯುಲೇಷನ್ ಇನ್ ಹೆಲ್ತ್‌ಕೇರ್ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ. ಸಿಮ್ಯುಲೇಷನ್ ಕೆಲಸದಲ್ಲಿ ಎರಡು ವರ್ಷದ ಅನುಭವ ಬೇಕು, ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆಯಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದು ಕಲಿಸುವ ಕೋರ್ಸ್ ಅಲ್ಲ, ಕಲಿತದ್ದನ್ನು ಒಪ್ಪಿ ಮುದ್ರೆ ಹಾಕುವುದು. ಗಲ್ಫ್‌ಗೋ ಬ್ರಿಟನ್ನಿಗೋ ಹೋಗುವ ಯೋಚನೆ ಇದ್ದರೆ, ಅಥವಾ ನಿಮ್ಮ ಕೇಂದ್ರವನ್ನು ಅಂತರರಾಷ್ಟ್ರೀಯ ಮಾನ್ಯತೆಗೆ ಒಯ್ಯುವುದಿದ್ದರೆ ಖರ್ಚು ಮಾಡಿ. ಬರೀ ಡಿಬ್ರೀಫಿಂಗ್ ಸುಧಾರಿಸಲು ಇದು ಬೇಡ.

ಫೈಮರ್ ಫೆಲೋಶಿಪ್ ಬೇರೆ ಜಾತಿಯದು. ಕೊಯಮತ್ತೂರಿನ ಪಿಎಸ್‌ಜಿ, ಲುಧಿಯಾನದ ಸಿಎಂಸಿ ಮೊದಲಾದ ಕಡೆ ನಡೆಯುತ್ತದೆ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ವೃತ್ತಿಯವರು ಒಟ್ಟಿಗೆ ಕಲಿಯುವುದರ ಮೇಲೆ ಒತ್ತು ಕೊಡುವ ಫೈಮರ್ ಕಾರ್ಯಕ್ರಮ ಇದೆ. ಸಿಮ್ಯುಲೇಷನ್ ಮಾತ್ರ ಅಲ್ಲ, ಒಟ್ಟು ವೈದ್ಯಕೀಯ ಶಿಕ್ಷಣದ ಬಗ್ಗೆ. ನಿಮ್ಮ ಕಾಲೇಜಿನಲ್ಲೇ ಒಂದು ಪ್ರಾಜೆಕ್ಟ್ ಮಾಡಬೇಕು. ಲ್ಯಾಬನ್ನು ಪಠ್ಯಕ್ರಮದೊಳಗೆ ಸೇರಿಸಲು ಒದ್ದಾಡುತ್ತಿರುವವರಿಗೆ ಇದು ಸರಿ. ನರ್ಸಿಂಗ್ ಅಧ್ಯಾಪಕರು ಗುರುಗ್ರಾಮದ ಎಸ್‌ಜಿಟಿ ವಿಶ್ವವಿದ್ಯಾಲಯದಲ್ಲಿರುವ ರಾಷ್ಟ್ರೀಯ ಸಿಮ್ಯುಲೇಷನ್ ಕೇಂದ್ರದ ತರಬೇತಿಗಳನ್ನು ವಿಚಾರಿಸಬಹುದು. ದುಡ್ಡೇ ಇಲ್ಲ ಎನ್ನುವವರು ನರ್ಸಿಂಗ್ ಸಿಮ್ಯುಲೇಷನ್ ಸಂಘಟನೆಯಾದ ಇನಾಕ್ಸಲ್ 2021ರಲ್ಲಿ ಹೊರತಂದ ಮಾನದಂಡಗಳನ್ನು ಇಳಿಸಿಕೊಂಡು ಓದಲಿ. ಡಿಬ್ರೀಫಿಂಗ್‌ಗೆ ಒಂದು, ಅಧ್ಯಾಪಕರ ವೃತ್ತಿ ಬೆಳವಣಿಗೆಗೆ ಒಂದು ಅಂತ ಬೇರೆ ಬೇರೆ ಇವೆ.

ಆಯ್ಕೆ ಮಾಡಿ ಅಂದರೆ

ಲ್ಯಾಬ್ ಹೊಸದು, ಟ್ಯೂಟರ್‌ಗಳು ಹೊಸಬರು: ಪರ್ಲ್ಸ್ ಸ್ಕ್ರಿಪ್ಟ್. ಎಮರ್ಜೆನ್ಸಿಯವರು ಜೊತೆಗಿದ್ದಾರೆ, ಸಮಯ 15 ನಿಮಿಷ ಮಾತ್ರ: ಗ್ಯಾಸ್. ಕೈಕೆಲಸ, ಸಿಪಿಆರ್: ಆರ್‌ಸಿಡಿಪಿ, ಮರುಮಾತಿಲ್ಲ. ನರ್ಸಿಂಗ್ ಕೊನೆಯ ವರ್ಷ, ಇಡೀ ಮಧ್ಯಾಹ್ನ ಕೈಲಿದೆ: ಡಿಎಂಎಲ್. ಒಂದೆರಡು ವರ್ಷ ನಡೆಸಿ, ಅದೇ ತಪ್ಪು ಪ್ರತಿ ಬ್ಯಾಚಿನಲ್ಲೂ ಮರಳಿ ಬರುತ್ತಿದೆ ಎಂದು ಗೊತ್ತಾಗಿದೆ: ಬಾಸ್ಟನ್ನಿನ ದಾರಿ ಕಲಿಯುವ ಕಾಲ ಬಂತು. ಪ್ಲಸ್-ಡೆಲ್ಟಾ ಒಂದನ್ನೇ ನಂಬಿಕೊಂಡಿರುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಇದರ ಜೊತೆಗೆ ಮುಂದಿನ ತಿಂಗಳ ಟೈಮ್‌ಟೇಬಲ್ ಹಾಕುವಾಗ ಪ್ರತಿ ಸಿಮ್ಯುಲೇಷನ್ ಪೀರಿಯಡ್ ಎದುರು ಎರಡು ಹೆಸರು ಬರೆಯಿರಿ. ನಡೆಸುವವರದ್ದು ಒಂದು, ಕೂತು ನೋಡುವವರದ್ದು ಇನ್ನೊಂದು. ಎಲ್ಲ ಪೀರಿಯಡ್‌ಗೂ ಜನ ಸಿಗುವುದಿಲ್ಲ ಅಂದರೆ ತಿಂಗಳಿಗೆ ಒಂದಕ್ಕಾದರೂ.